ಮಡುವಿನ ತಳ

ಭದ್ರಾವತಿಯಲ್ಲಿ ಹೊಳೆ ತಿರುಗುವ ಕಡೆ ಒಂದು ಮಡು. ಮಳೆಗಾಲ ಕಳೆದ ಮೇಲೆ, ಇಳಿದು ನಿಂತರೆ ಪಾದ ಕಾಣುವಷ್ಟು ತಿಳಿನೀರು. ಮದುವೆಯಾಗಿ ಬಂದಾಗಿನಿಂದ ಮಡಿವಾಳರ ಉಚ್ಚಂಗಮ್ಮ ಒಗೆದದ್ದು ಅಲ್ಲೇ. ಊರಿನ ನರ್ಸಿಂಗ್ ಹೋಮೊಂದರ ಬಿಳಿ ಸೀರೆಗಳು ವಾರವಾರವೂ ಅವಳ ಕೈಗೆ ಬರುತ್ತಿದ್ದವು. ಕೇರಿಯಲ್ಲಿ ಅವಳಿಗೆ ಅದೇ ಹೆಮ್ಮೆ.

ತೊಂಬತ್ತೆಂಟರ ದೀಪಾವಳಿ ಕಳೆದ ಮೇಲೊಂದು ದಿನ ಹೆಡ್ ನರ್ಸ್ ಶೀಲಾ ಸೀರೆಯೊಂದನ್ನು ಬಿಡಿಸಿ ಕಿಟಕಿಗೆ ಹಿಡಿದಳು.

"ನಾನು ಕೊಟ್ಟಿದ್ದು ಬಿಳಿ ಸೀರೆ. ನೀನು ಅದರಲ್ಲಿ ಟೀ ಸೋಸಿದ್ದೀಯಲ್ಲ ಮಾರಾಯ್ತಿ! ಮುಂದಿನ ವಾರವೂ ಹೀಗೇ ಬಂದ್ರೆ ಬೇರೆಯವರಿಗೆ ಕೊಡ್ತೀನಿ."

ಗಂಡ ಧರ್ಮಪ್ಪ ಸೋಪನ್ನು ಬೈದ. ಸೋಪು ಬದಲಾದರೂ ಕಂದು ಹೋಗಲಿಲ್ಲ. ಉಚ್ಚಂಗಮ್ಮ ಹಳೇ ಪಂಚೆ ಹರಿದು ಎರಡು ಪಟ್ಟಿ ಮಾಡಿದಳು. ಒಂದನ್ನು ಮಡುವಿನ ತಳದಲ್ಲಿಟ್ಟು ಕಲ್ಲು ಹೇರಿದಳು. ಇನ್ನೊಂದನ್ನು ಸ್ವಲ್ಪ ಮೇಲೆ, ನೀರು ಕಲ್ಲುಗಳ ನಡುವೆ ಸದ್ದು ಮಾಡುತ್ತ ಓಡುವ ಕಡೆ ಕಟ್ಟಿದಳು. ಸಂಜೆ ತೆಗೆದರೆ ಮಡುವಿನದು ಇಟ್ಟಿಗೆ ಬಣ್ಣ. ಓಟದ ನೀರಿನದು ಮಾಸಿತ್ತು, ಅಷ್ಟೇ.

ನೀಲಿ ಕಲಸಿದ ಬಕೆಟ್ಟು ಮರೆತರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು: ಮೇಲೆ ತಿಳಿ, ತಳದಲ್ಲಿ ನೀಲಿ. ಹೊಳೆ ಹುಟ್ಟುವ ಘಟ್ಟದಲ್ಲಿದ್ದ ಕಬ್ಬಿಣದ ಗಣಿಯಿಂದ ಬರುವ ಮಣ್ಣೂ ಹಾಗೇ. ದಪ್ಪನೆಯದು ಡ್ಯಾಮಿನಲ್ಲೇ ಕೂರುತ್ತಿತ್ತು. ಹಿಟ್ಟಿನಂಥದ್ದು ಮಳೆನೀರಿನ ಜೊತೆ ಇಳಿದು, ನೀರು ದಣಿದ ಕಡೆ ಮಲಗುತ್ತಿತ್ತು. ಸೀರೆ ಜಾಲಿಸಿದಾಗ ಎದ್ದು ನೂಲಿಗೆ ಹತ್ತುತ್ತಿತ್ತು.

ಒಗೆಯುವ ಕಲ್ಲನ್ನು ಓಟದ ಕಡೆಗೆ ಉರುಳಿಸಿಕೊಡುತ್ತ ಧರ್ಮಪ್ಪ ಗೊಣಗಿದ: "ಸೀರೆ ಜೊತೆ ನೀನೂ ಹೊನ್ನಾಳಿಗೆ ತೇಲಿಹೋಗ್ತೀಯ ನೋಡು."

ಸೆಳೆತದಲ್ಲಿ ನಿಂತೇ ಒಗೆದಳು. ಸೋಮವಾರ ಶೀಲಾ ಸೀರೆಯನ್ನು ಕಿಟಕಿಗೆ ಹಿಡಿದು ನೋಡಿ ಮುಂದಿನ ಗಂಟು ಕೊಟ್ಟಳು.

ವರ್ಷಗಳು ಹಾಗೆ ನಡೆದವು. ಗಣಿ ನಿಂತ ಸುದ್ದಿ ಬಂದಾಗ ಧರ್ಮಪ್ಪ, "ಇನ್ನು ಮಡುವಿಗೇ ಹೋಗೇ, ಮಂಡಿ ಆದ್ರೂ ಉಳಿಯುತ್ತೆ," ಅಂದ. ಹೋಗಿ ಇಳಿದಳು. ಸೊಂಟಮಟ್ಟ ಇದ್ದ ನೀರು ಮೊಣಕಾಲಿಗೆ ಬಂದಿತ್ತು. ಕೈ ಹಾಕಿದರೆ ಮೊಣಕೈವರೆಗೂ ಕೆಸರು. ಗಣಿ ನಿಂತಿತ್ತು, ಬಂದದ್ದು ಹೋಗಿರಲಿಲ್ಲ. ಪ್ರತಿ ಮಳೆ ಅದನ್ನು ಎಬ್ಬಿಸಿ ಇನ್ನೊಂದಷ್ಟು ದೂರ ಮಲಗಿಸುತ್ತಿತ್ತು. ತುಂಬಿದ ಮಡು ಹೊಳೆಯನ್ನು ತಡೆದು, ಮೇಲಿನ ಓಟವೂ ಸೋಮಾರಿಯಾಗುತ್ತ ಬಂತು.

ಎರಡು ಸಾವಿರದ ಎಂಟರ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಗಂಟು ಹೊತ್ತು ಎಂದಿನಂತೆ ಓಟದ ನೀರಿಗೆ ಇಳಿದಾಗ ಅಂಗಾಲಿಗೆ ಕಲ್ಲು ಸಿಗಲಿಲ್ಲ. ಮೆತ್ತಗಿತ್ತು. ಬಗ್ಗಿ ಕೈ ಹಾಕಿದರೆ ಇಲ್ಲೂ ಅದೇ ಕೆಸರು. ಆಮೇಲೆ ಗಂಟು ಬಿಚ್ಚದೆ ನರ್ಸಿಂಗ್ ಹೋಮಿನ ಹಾದಿ ಹಿಡಿದಳು.

"ಒಗೆದೇ ಇಲ್ವಲ್ಲೇ ಇವನ್ನ?" ಅಂದಳು ಶೀಲಾ.

"ಒಗೆದ್ರೆ ಹಾಳಾಗ್ತವೆ ಸಿಸ್ಟರ್." ಉಚ್ಚಂಗಮ್ಮ ಗಂಟನ್ನು ಬೆಂಚಿನ ಮೇಲಿಟ್ಟಳು. "ಬಣ್ಣದ ಪರದೆ ಗಿರದೆ ಇದ್ರೆ ಕೊಡಿ. ಅವು ತಡ್ಕೊಳ್ತವೆ."