ತೊಳೆದ ಗಾಜಿನಲ್ಲಿ ಕಂಡ ಮುರುಗೇಶಣ್ಣ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ, ಗೌರಿ ಹಬ್ಬದ ಹಿಂದಿನ ದಿನ ನಡೆದದ್ದು ಇದು. ಆಗ ನಾನು ಶಿವಮೊಗ್ಗದ ಒಂದು ಚಿಕ್ಕ ಖಾಸಗಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಮನೆ ಭದ್ರಾವತಿಯ ಜನ್ನಾಪುರದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಹದಿನಾಲ್ಕು ವರ್ಷದ ಅನುಭವವಿತ್ತು, ಅದಕ್ಕೆ ತಕ್ಕ ಜಂಬವೂ ಇತ್ತು. ಮೈಕ್ರೋಸ್ಕೋಪಿಗೆ ಒಮ್ಮೆ ಕಣ್ಣಿಟ್ಟರೆ ಸಾಕು, ಯಾವ ರೋಗಾಣು ಎಂದು ಹೇಳಿಬಿಡುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಪರೀಕ್ಷೆಗೆ ಬಳಸುವ ಸ್ಲೈಡ್, ಅಂದರೆ ಬೆರಳುದ್ದದ ಗಾಜಿನ ಪಟ್ಟಿ, ಒಮ್ಮೆ ಬಳಸಿದ ಮೇಲೆ ಎಸೆಯಬೇಕು. ನಾವು ಎಸೆಯುತ್ತಿರಲಿಲ್ಲ. ಆಯಾ ರತ್ನಕ್ಕ ಅವನ್ನು ಸೋಪಿನ ನೀರಿನಲ್ಲಿ ನೆನೆಸಿ, ಉಜ್ಜಿ, ಹಳೇ ಪಂಚೆಯ ಬಟ್ಟೆಯಲ್ಲಿ ಒರೆಸಿ ಪೇಡೆಯ ಡಬ್ಬಿಗೆ ತುಂಬುತ್ತಿದ್ದಳು. "ನಮ್ಮನೆ ಸ್ಟೀಲ್ ಲೋಟನೂ ಇಷ್ಟು ಹೊಳೆಯಲ್ಲ ಮಾರಾಯ್ತಿ" ಎಂದು ಬೆಳಕಿಗೆ ಹಿಡಿದು ತೋರಿಸುತ್ತಿದ್ದಳು. ಮಾಮೂಲಿ ಪರೀಕ್ಷೆಗಳಿಗೆ ಪೇಡೆ ಡಬ್ಬಿಯ ಗಾಜು, ಮುಖ್ಯವಾದವಕ್ಕೆ ಹೊಸದು. ಇದು ನಾವೇ ಮಾಡಿಕೊಂಡ ನಿಯಮ.

ಹಬ್ಬಕ್ಕೆ ಎರಡು ವಾರ ಮೊದಲು ನಮ್ಮ ಎದುರು ಮನೆಯ ಮುರುಗೇಶಣ್ಣ ತೀರಿಕೊಂಡಿದ್ದರು. ಕಾರ್ಖಾನೆಯಿಂದ ನಿವೃತ್ತರಾದವರು. ಬೆಳಿಗ್ಗೆ ಗೇಟಿನ ಹತ್ತಿರ ನಿಂತು "ಏನಮ್ಮಾ, ಬಸ್ ಸಿಗುತ್ತಾ ಇವತ್ತು?" ಎಂದು ದಿನಾ ಕೇಳುತ್ತಿದ್ದವರಿಗೆ ಒಂದೇ ದಿನದಲ್ಲಿ ಜ್ವರ ತಲೆಗೇರಿ ಪ್ರಜ್ಞೆ ತಪ್ಪಿತು. ಅವರ ಬೆನ್ನುಹುರಿಯ ನೀರು ನನ್ನ ಕೈಗೇ ಬಂದಿತ್ತು. ಸ್ಲೈಡಿಗೆ ಹಚ್ಚಿ, ಬೆಂಕಿಯ ಮೇಲೆ ಹಾಯಿಸಿ, ನೇರಳೆ ಬಣ್ಣ ಹಾಕಿ, ಅಯೋಡಿನ್ ಹಾಕಿ, ಸ್ಪಿರಿಟ್ಟಿನಲ್ಲಿ ತೊಳೆದು, ಕೊನೆಗೆ ಕೆಂಪು ಬಣ್ಣ ಹಾಕಿದೆ. ಗೋಡೆ ದಪ್ಪವಿರುವ ಬ್ಯಾಕ್ಟೀರಿಯಾ ಸ್ಪಿರಿಟ್ಟಿಗೂ ಜಗ್ಗದೆ ನೇರಳೆಯಾಗಿಯೇ ಉಳಿಯುತ್ತದೆ. ಗೋಡೆ ತೆಳುವಾದದ್ದು ಆ ಬಣ್ಣ ಬಿಟ್ಟು ಕೆಂಪಾಗುತ್ತದೆ. ಮುರುಗೇಶಣ್ಣನದು ಕಡು ನೇರಳೆ. ಎರಡೆರಡು ಚುಕ್ಕೆಗಳ ಜೋಡಿ, ಪ್ರತಿ ಜೋಡಿಯ ಸುತ್ತ ಬಣ್ಣ ಹಿಡಿಯದ ಒಂದು ತೆಳು ಕವಚ. ನ್ಯುಮೋಕಾಕಸ್ ಎಂದು ನೋಡಿದ ಕೂಡಲೇ ಗೊತ್ತಾಯಿತು. ಔಷಧಿ ಶುರುವಾಯಿತು, ಆದರೂ ಅವರು ಉಳಿಯಲಿಲ್ಲ.

ಹೇಳಲು ನಾಚಿಕೆಯಾಗುತ್ತದೆ, ಆ ಸ್ಲೈಡನ್ನು ನಾನು ಎತ್ತಿಟ್ಟುಕೊಂಡಿದ್ದೆ. ಅಷ್ಟು ಚೆನ್ನಾಗಿ ಬಣ್ಣ ಕೂತಿತ್ತು. ಬಿಡುವಾದಾಗಲೆಲ್ಲ ನೋಡುತ್ತಿದ್ದೆ. ಅದರಲ್ಲೊಂದು ಕಡೆ ಐದು ಜೋಡಿಗಳು ಕೊಕ್ಕೆಯಂತೆ ಬಾಗಿ ನಿಂತಿದ್ದವು, ಪಕ್ಕದಲ್ಲಿ ಒಂದು ಜೋಡಿ ಬೇರೆಯಾಗಿ. ಆ ಜಾಗ ನನಗೆ ಬಾಯಿಪಾಠವಾಗಿತ್ತು. ಮುರುಗೇಶಣ್ಣನ ಹನ್ನೊಂದನೇ ದಿನದ ಊಟ ಮುಗಿಸಿ ಬಂದ ಮರುದಿನ ಯಾಕೋ ಅದನ್ನು ನೋಡಲು ಮನಸ್ಸಾಗಲಿಲ್ಲ. ತೊಳೆಯುವ ಟ್ರೇಗೆ ಹಾಕಿಬಿಟ್ಟೆ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಲ್ಯಾಬಿನ ಡಾಕ್ಟರ್ ಮೇಡಂ ಊರಿಗೆ ಹೋಗಿದ್ದರು. ರತ್ನಕ್ಕ ಬಾಗಿನದ ಸಾಮಾನು ತರಲು ಹೋಗಿದ್ದಳು. ಕರೆಂಟ್ ಹೋಗಿ, ಮೈಕ್ರೋಸ್ಕೋಪಿನ ದೀಪವೊಂದೇ ಇನ್ವರ್ಟರ್ ಮೇಲೆ ಉರಿಯುತ್ತಿತ್ತು. ಆಗ ಹೊಳಲೂರಿನವರೊಬ್ಬರು ಓಡಿಬಂದರು. ಮುಷ್ಟಿಯಲ್ಲಿ ಒಂದು ಚಿಕ್ಕ ಟ್ಯೂಬ್.

"ಮಗಳ ಬೆನ್ನಿಂದ ತೆಗೆದಿರೋ ನೀರು ಮೇಡಂ. ನಾಲ್ಕು ವರ್ಷ ಅವಳಿಗೆ. ಆಟೋದಲ್ಲಿ ಕೈಯಲ್ಲೇ ಹಿಡ್ಕೊಂಡು ಬಂದೆ, ಏನೂ ಆಗಿಲ್ವಲ್ಲ?"

ಎರಡು ವಾರದಿಂದ ಸಣ್ಣ ಜ್ವರವಂತೆ, ಹಿಂದಿನ ದಿನದಿಂದ ಮಗು ಸರಿಯಾಗಿ ಕಣ್ಣು ಬಿಡುತ್ತಿಲ್ಲವಂತೆ. ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಬಂದೆ. ಹೊಸ ಸ್ಲೈಡಿನ ಪೆಟ್ಟಿಗೆ ಖಾಲಿ. ಅಂಗಡಿಗೆ ಹೋಗಿ ತರುವಷ್ಟು ತಾಳ್ಮೆ ಇರಲಿಲ್ಲ. ಪೇಡೆ ಡಬ್ಬಿಯಿಂದ ಹೊಳೆಯುವುದೊಂದನ್ನು ಆರಿಸಿಕೊಂಡೆ. ಮಧ್ಯದಲ್ಲಿ ಮೇಣದ ಪೆನ್ಸಿಲ್ಲಿನಿಂದ ಒಂದು ಸುತ್ತು ಬರೆದು, ಅದರೊಳಗೆ ಒಂದು ಹನಿ ಬಿಟ್ಟು, ಒಣಗಿಸಿ ಬಣ್ಣ ಹಾಕಿದೆ.

ನೋಡಿದರೆ ನೇರಳೆ ಜೋಡಿಗಳು, ಸುತ್ತ ಕವಚ. ಮತ್ತೊಂದು ನ್ಯುಮೋಕಾಕಸ್ ಎಂದು ಆಗಲೇ ಮಗು ಇದ್ದ ಆಸ್ಪತ್ರೆಯ ವಾರ್ಡಿಗೆ ಫೋನ್ ಮಾಡಿ ಹೇಳಿದೆ. ಮಕ್ಕಳ ಡಾಕ್ಟರು ಎತ್ತಿಕೊಂಡರು. "ಸರಿ, ಹಾಗಾದ್ರೆ ಅದಕ್ಕೇ ಟ್ರೀಟ್‌ಮೆಂಟ್ ಮುಂದುವರಿಸ್ತೀನಿ" ಎಂದರು.

ಫೋನಿಟ್ಟು, ರಿಪೋರ್ಟ್ ಬರೆಯುವ ಮೊದಲು ಇನ್ನೊಮ್ಮೆ ಕಣ್ಣಿಟ್ಟೆ. ಏನೋ ಸರಿಯಿಲ್ಲ ಅನ್ನಿಸಿತು. ಇಷ್ಟು ರೋಗಾಣು ಇದ್ದರೆ ಕೀವಿನ ಕಣಗಳು ತುಂಬಿರಬೇಕು. ಇಲ್ಲಿದ್ದವು ಅಲ್ಲೊಂದು ಇಲ್ಲೊಂದು ಸಣ್ಣ ದುಂಡು ಕಣಗಳು ಅಷ್ಟೆ. ಸ್ಲೈಡನ್ನು ನಿಧಾನವಾಗಿ ಸರಿಸುತ್ತಾ ಹೋದೆ. ಮೇಣದ ಸುತ್ತು ದಾಟಿತು. ಅದರಾಚೆ ನಾನು ಏನನ್ನೂ ಹಚ್ಚಿರಲಿಲ್ಲ, ಬರೀ ಗಾಜು. ಅಲ್ಲೂ ನೇರಳೆ ಜೋಡಿಗಳಿದ್ದವು.

ಇನ್ನೂ ಸ್ವಲ್ಪ ಸರಿಸಿದೆ. ಐದು ಜೋಡಿ ಕೊಕ್ಕೆಯಂತೆ ಬಾಗಿ ನಿಂತಿದ್ದವು. ಪಕ್ಕದಲ್ಲಿ ಒಂದು ಬೇರೆಯಾಗಿ.

ಕಣ್ಣು ತೆಗೆದೆ, ಮತ್ತೆ ಇಟ್ಟೆ. ಅದೇ. ಲ್ಯಾಬಿನಲ್ಲಿ ಒಂದು ಸದ್ದಿಲ್ಲ, ಫ್ರಿಜ್ ಕೂಡ ನಿಂತಿತ್ತು. ನನ್ನ ಬೆನ್ನ ಹಿಂದೆ ಯಾರೋ ನಿಂತು "ಏನಮ್ಮಾ" ಎನ್ನಬಹುದು ಅನ್ನಿಸಿ ತಿರುಗಿ ನೋಡಿದೆ. ದೆವ್ವ ಭೂತ ನಂಬುವವಳಲ್ಲ ನಾನು, ಆದರೂ ನೋಡಿದೆ. ಸ್ಲೈಡನ್ನು ಕಿಟಕಿಯ ಹತ್ತಿರ ಒಯ್ದು ಓರೆಯಾಗಿ ಹಿಡಿದೆ. ಅಂಚಿನಲ್ಲಿ ಸಣ್ಣದಾಗಿ ಗೀರಿದ ಒಂದು ನಂಬರ್ ಕಂಡಿತು. ವಜ್ರದ ಮೊನೆಯ ಪೆನ್ಸಿಲ್ಲಿನಿಂದ ನಾನೇ ಗೀರಿದ್ದು, ನನ್ನದೇ ಅಕ್ಷರ. ರಿಜಿಸ್ಟರ್ ತೆಗೆದು ನೋಡಿದೆ. ಆ ನಂಬರಿನ ಮುಂದೆ ಮುರುಗೇಶ್, ಜನ್ನಾಪುರ ಎಂದಿತ್ತು.

ಬೆಂಕಿಯ ಶಾಖಕ್ಕೆ ಗಾಜಿಗೆ ಅಂಟಿಕೊಂಡದ್ದು ಸೋಪಿಗೆ ಪೂರ್ತಿ ಬಿಟ್ಟಿರಲಿಲ್ಲ. ನಾನು ಹೊಸದಾಗಿ ಹಾಕಿದ ಬಣ್ಣ ಅದಕ್ಕೇ ಹಿಡಿದಿತ್ತು. ಸತ್ತು ಬೂದಿಯಾದವರ ರೋಗವನ್ನು ಬದುಕಿರುವ ಮಗುವಿನ ಹೆಸರಿಗೆ ಹಚ್ಚಿಬಿಟ್ಟಿದ್ದೆ.

ಬಾಗಿಲ ಸಂದಿಯಿಂದ ಆ ತಂದೆ ಕಾಣುತ್ತಿದ್ದರು. ಮೊಣಕಾಲ ಮೇಲೆ ಕೈಯೂರಿ ನೆಲ ನೋಡುತ್ತಿದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ನನಗೆ ಬಂತು, ಸುಳ್ಳು ಹೇಳುವುದಿಲ್ಲ. ಫೋನ್ ಕೈಯಲ್ಲಿ ಹಿಡಿದು ಒಂದೆರಡು ನಿಮಿಷ ನಿಂತಿದ್ದೆ. ಆಮೇಲೆ ಮಾಡಿದೆ.

"ಈಗ ತಾನೇ ಇದೆ ಅಂದ್ರಿ, ಈಗ ಇಲ್ಲ ಅಂತೀರಿ. ಏನ್ರೀ, ಆಟ ಆಡ್ತಿದೀರಾ?" ಎಂದರು ಡಾಕ್ಟರು.

"ತಪ್ಪು ನಂದು ಸರ್. ತೊಳೆದ ಸ್ಲೈಡ್ ತಗೊಂಡ್‌ಬಿಟ್ಟೆ. ಅದ್ರಲ್ಲಿ ಇರೋದು ಬೇರೆಯವರದ್ದು."

"ಟ್ಯೂಬಲ್ಲಿ ಇನ್ನೂ ಉಳ್ದಿದೆಯಾ?" ಎಂದು ಕೇಳಿದರು.

"ಇದೆ ಸರ್."

"ಹೊಸ ಸ್ಲೈಡ್ ತರಿಸಿ ಒಂದು ಹನಿ ನೋಡಿ. ಉಳಿದಿದ್ದನ್ನ ನೆಟ್ಟಗೆ ನಿಲ್ಸಿ ಇಡಿ. ಯಾರೂ ಅಲುಗಾಡಿಸ್ಬೇಡಿ."

ಹೊಸ ಸ್ಲೈಡಿನಲ್ಲಿ ನೇರಳೆ ಬಣ್ಣದ್ದು ಒಂದೂ ಇರಲಿಲ್ಲ. ಮರುದಿನ ಹಬ್ಬ. ಪೂಜೆ ಅತ್ತೆಗೆ ಬಿಟ್ಟು ಮೊದಲ ಬಸ್ ಹಿಡಿದೆ. ಸ್ಟ್ಯಾಂಡಿನಲ್ಲಿದ್ದ ಟ್ಯೂಬನ್ನು ಮುಟ್ಟದೆ, ಬೆಳಕಿಗೆ ಎದುರಾಗಿ ಬಗ್ಗಿ ನೋಡಿದೆ. ತಿಳಿನೀರಿನೊಳಗೆ ಮೇಲಿನಿಂದ ಕೆಳಕ್ಕೆ ಜೇಡರ ಬಲೆಯಂಥದ್ದೊಂದು ಇಳಿಬಿದ್ದಿತ್ತು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು. ಮಿದುಳಿಗೆ ಕ್ಷಯ ಬಂದಾಗ ಆ ನೀರು ಹಾಗೆ ಹೆಪ್ಪುಗಟ್ಟುತ್ತದೆ. ಬಲೆಯನ್ನು ಸೂಜಿಯಲ್ಲಿ ಎತ್ತಿ ಹೊಸ ಗಾಜಿಗೆ ಹರಡಿದೆ. ಕ್ಷಯದ ರೋಗಾಣುವಿನ ಗೋಡೆಯಲ್ಲಿ ಮೇಣವಿರುತ್ತದೆ, ಮಾಮೂಲಿ ಬಣ್ಣ ಅದಕ್ಕೆ ಹತ್ತುವುದಿಲ್ಲ. ಕೆಂಪು ಬಣ್ಣವನ್ನು ಆವಿ ಏಳುವಂತೆ ಕಾಯಿಸಿ ಹತ್ತಿಸಬೇಕು, ಹತ್ತಿದರೆ ಆ್ಯಸಿಡ್ ಹಾಕಿದರೂ ಬಿಡುವುದಿಲ್ಲ. ಉಳಿದದ್ದೆಲ್ಲ ಕೊನೆಗೆ ಹಾಕುವ ನೀಲಿ ಬಣ್ಣ ಹಿಡಿಯುತ್ತದೆ. ಒಂದು ಗಂಟೆಗೂ ಹೆಚ್ಚು ಹುಡುಕಿದೆ. ನೀಲಿಯ ನಡುವೆ ತೆಳ್ಳಗೆ ಬಾಗಿದ ಮೂರು ಕೆಂಪು ಕಡ್ಡಿಗಳು ಸಿಕ್ಕವು. ಅಲ್ಲೇ ಕುಳಿತು ಅತ್ತುಬಿಟ್ಟೆ. ಹಬ್ಬದ ದಿನವೇ ಮಗುವಿಗೆ ಕ್ಷಯದ ಔಷಧಿ ಶುರುವಾಯಿತು.

ಮೇಡಂ ಬಂದ ಮೇಲೆ ಪೇಡೆ ಡಬ್ಬಿಯ ಗಾಜನ್ನೆಲ್ಲ ಒಡೆದು ಹಾಕಿಸಿದೆವು. ರತ್ನಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳ ತಪ್ಪು ಏನೂ ಇರಲಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಏಳೆಂಟು ತಿಂಗಳ ಮೇಲೆ ಆ ಮಗುವನ್ನು ಕರೆದುಕೊಂಡು ತಾಯಿ ಲ್ಯಾಬಿಗೆ ಬಂದರು. ಹುಡುಗಿ ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದಳು, ಆದರೆ ಮಾತು ಮಾತ್ರ ಅರಳು ಹುರಿದಂತೆ. ತಾಯಿ ಕೈ ಮುಗಿಯಲು ಬಂದಾಗ ನನಗೆ ತಡೆಯಲಾಗಲಿಲ್ಲ. ನಾನು ಮೊದಲು ತಪ್ಪು ಹೇಳಿದ್ದೆ ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. ಮಗಳ ತಲೆ ಸವರುತ್ತಾ, "ನೀವು ಫೋನ್ ಮಾಡದೆ ಇದ್ದಿದ್ರೆ ನಮಗೆಲ್ಲಿ ಗೊತ್ತಾಗ್ತಿತ್ತು ಮೇಡಂ? ದೇವ್ರು ಕರ್ಕೊಂಡ ಅಂದ್ಕೊಂಡು ಸುಮ್ನಾಗ್ತಿದ್ವಿ" ಎಂದರು.

ಸಮಾಧಾನಕ್ಕೆಂದು ಹೇಳಿದ ಮಾತು ಅದು. ಅಂದಿನಿಂದ ನನ್ನ ನಿದ್ದೆ ಕೆಡಿಸಿರುವುದೂ ಅದೇ. ಹದಿನಾಲ್ಕು ವರ್ಷ ನಾನು ಆ ಡಬ್ಬಿಯಿಂದ ಗಾಜು ತೆಗೆದಿದ್ದೇನೆ. ಸುತ್ತಿನ ಆಚೆ ನೋಡಿದ್ದು ಒಂದೇ ಒಂದು ಸಲ. ಅದಕ್ಕೂ ಮೊದಲು ಎಷ್ಟು ಮನೆಯವರು ಹಾಗೆ ಅಂದುಕೊಂಡು ಸುಮ್ಮನಾಗಿದ್ದಾರೋ, ನನಗೆ ಗೊತ್ತಿಲ್ಲ.