ಭೀಮಕ್ಕನ ಮುಯ್ಯಾಳುಗಳು

ಸಾಸ್ವೆಹಳ್ಳಿಯ ಭೀಮಕ್ಕನ ಖಾನಾವಳಿಗೆ ಬೋರ್ಡಿಲ್ಲ. ಇಟ್ಟಿಗೆ ಗೂಡಿನ ಆಳುಗಳಿಗೆ ಅವಳ ಸಾರಿನ ವಾಸನೆಯೇ ಬೋರ್ಡು. ಕೊರೊನಾ ಬಂದು ಪೇಟೆಯಲ್ಲಿ ಮನೆ ಕಟ್ಟಿಸುವವರು ಕೈಕಟ್ಟಿ ಕೂತರು. ಗೂಡು ಆರಿತು, ಲಾರಿ ನಿಂತಿತು, ಕೂಲಿ ನಿಂತಿತು, ಕೊನೆಗೆ ಖಾನಾವಳಿಯ ಬೆಂಚೂ ಖಾಲಿಯಾಯಿತು. ಲಾಕ್‌ಡೌನ್ ತೆಗೆದ ಮೇಲೂ ಅಷ್ಟೇ. ಮನೆ ಬೇಕಾದವರಿದ್ದರು, ಇಟ್ಟಿಗೆ ಸುಡುವವರೂ ಇದ್ದರು. ಇಬ್ಬರ ನಡುವೆ ಓಡಾಡಬೇಕಾದ ದುಡ್ಡು ಮಾತ್ರ ಹೆದರಿ ಮೂಲೆ ಸೇರಿತ್ತು. ಇಂಥ ಕಾಲದಲ್ಲಿ ಪೆಟ್ಟು ಬೀಳುವುದು ಎಂದೂ ದುಡ್ಡು ಬಚ್ಚಿಡದವರ ಹೊಟ್ಟೆಗೆ.

ಭೀಮಕ್ಕ ದಿನಾ ಬಾಗಿಲಲ್ಲಿ ನಿಂತು, "ಊಟ ಆತೇನ್ರಪ್ಪಾ?" ಅನ್ನುವಳು. ದಾರಿಯಲ್ಲಿ ಹೋಗುವ ಆಳುಗಳು "ಆತು ಭೀಮಕ್ಕ" ಅನ್ನುವರು. ನಮ್ಮ ಕಡೆ ಹಸಿದವರೂ ಹಾಗೇ ಅನ್ನುತ್ತಾರೆ. ಗೊತ್ತಿದ್ದೂ ಅವಳು ನಂಬಿದಳು.

ಒಂದು ಬೆಳಿಗ್ಗೆ ಗೂಡಿನ ಆಳು ಕೆಂಚೇಶನ ಹೆಂಡತಿ ಮಾಲಾ ನಲ್ಲಿಯ ಹತ್ತಿರ ಕೊಡದ ಸಮೇತ ಕುಸಿದಳು. ನೀರು ಚಿಮುಕಿಸಿ ವಿಚಾರಿಸಿದರೆ, ಹಿಂದಿನ ದಿನದಿಂದ ಬರೀ ಚಾ. ಭೀಮಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು. ಅವರ ಮನೆಗೆ ಅನ್ನ ಒಯ್ದಿಟ್ಟರೆ ಕೆಂಚೇಶ ಮುಖ ತಿರುಗಿಸಿದ.

"ಬಿಟ್ಟಿ ಉಣ್ಣಾಕೆ ಬಂದೋರಲ್ಲ ನಾವು."

"ಬಿಟ್ಟಿ ಯಾರು ಹಾಕ್ತಾರೋ? ನನ್ನ ಹಿಂದಿನ ಗೋಡೆ ಬಿದ್ದೈತೆ. ನಾಳೆ ಎಲ್ಲಾರೂ ಮುಯ್ಯಾಳಾಗಿ ಬರ್ರಿ" ಎಂದಳು ಭೀಮಕ್ಕ.

ಮುಯ್ಯಾಳಿಗೆ ಕೂಲಿಯಿಲ್ಲ. ಇವತ್ತು ನನ್ನ ಕೆಲಸಕ್ಕೆ ನೀನು, ನಾಳೆ ನಿನ್ನ ಕೆಲಸಕ್ಕೆ ನಾನು. ಆದರೆ ಕೆಲಸ ಮಾಡಿದ ಮನೆಯಲ್ಲಿ ಉಣ್ಣದೆ ಏಳುವಂತಿಲ್ಲ. ಗೂಡಿನ ಮಾಲೀಕ ಬೆನಕಪ್ಪ, "ಸುಮ್ನೆ ಮಳೇಲಿ ನೆನೀತಾವೆ, ಒಯ್ರಿ" ಎಂದು ಇಟ್ಟಿಗೆ ಬಿಟ್ಟುಕೊಟ್ಟ. ಗೋಡೆ ಎದ್ದಿತು. ಆಮೇಲೆ ಕಟ್ಟೆ, ಬಚ್ಚಲು, ಯಾರಿಗೂ ಬೇಡದ ಇನ್ನೊಂದು ಗೋಡೆ. ಎಂಥ ಹಟಮಾರಿ ಹೆಂಗಸು! ತನ್ನ ತುಂಡು ಗದ್ದೆಯ ಅಕ್ಕಿಯನ್ನೆಲ್ಲ ಬೇಯಿಸಿ ಬಡಿಸಿದಳು.

ಅಕ್ಕಿ ತಳ ಕಂಡ ದಿನ, "ನಾಳೆ ಕೆಲಸ ಇಲ್ರಪ್ಪಾ" ಎಂದು ಬಾಗಿಲು ಹಾಕಿಕೊಂಡಳು. ಮರುದಿನ ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ತೆರೆದರೆ ಮಾಲಾ, ಹಿಂದೆ ಗೂಡಿನವರೆಲ್ಲ. ಜಗಳೂರಿನ ತವರಿನಿಂದ ಮಾಲಾಳ ಅಣ್ಣ ಜೋಳ ತಂದುಕೊಟ್ಟಿದ್ದ. ಗೂಡಿನ ಹತ್ತಿರ ಒಲೆ ಹೂಡಿ ಮುದ್ದೆ ಮಾಡಿದ್ದರು.

"ಮುಯ್ಯಿ ತೀರಿಸಬೇಕಲ್ರೀ ಭೀಮಕ್ಕ. ಬರ್ರಿ ಉಣ್ಣಾಕೆ" ಎಂದಳು ಮಾಲಾ.

ಭೀಮಕ್ಕನ ಕಣ್ಣು ತುಂಬಿತು. ಇಷ್ಟು ವರ್ಷ ಬಡಿಸಿದ ಕೈ, ತಟ್ಟೆ ಹಿಡಿಯಲು ಹಿಂಜರಿಯಿತು. ಆದರೆ ಎದುರಿಗೆ ನಿಂತವರೆಲ್ಲ ಎದೆಯುಬ್ಬಿಸಿ ಕಾಯುತ್ತಿದ್ದರು. ಹೋಗಿ ಕೆಂಚೇಶನ ಪಕ್ಕ ನೆಲದ ಮೇಲೆ ಕೂತು, ಬೆರಳು ನೆಕ್ಕಿ ಉಂಡಳು. ಉಂಡು ಮಾಲಾಳತ್ತ ಮತ್ತೆ ತಟ್ಟೆ ಚಾಚಿದಳು.

"ಇನ್ನೊಂದು ಮುದ್ದೆ ಹಾಕವ್ವಾ."