ಭಾವ ಕಟ್ಟಿದ ಗೋಡೆ

ಬೀದಿಯ ಮಕ್ಕಳಿಗೆಲ್ಲ ಅವನು ಪಟ್ಟಿಮಾವ. ಕೆಲಸ ಮರಗೆಲಸ, ಅದರಲ್ಲೂ ಹಳೇ ಮನೆಗಳ ಗೋಡೆಯ ಮಾನ ಕಾಪಾಡುವ ಕೆಲಸ. ಉಬ್ಬಿದ, ತಗ್ಗಿದ, ಹೊಟ್ಟೆ ಬಿಟ್ಟ ಗೋಡೆಗಳ ಮುಂದೆ ಹಲಗೆ ನಿಲ್ಲಿಸಿ, ಅಂಚಿಗೆ ಮರದ ಪಟ್ಟಿ ಹೊಡೆದು, ಎಲ್ಲ ನೆಟ್ಟಗಿದ್ದ ಹಾಗೆ ಕಾಣಿಸುವುದರಲ್ಲಿ ಅವನದು ಎತ್ತಿದ ಕೈ. ಬೇರೆಯವರು ನೇರ ಪಟ್ಟಿ ತಂದು ಹೊಡೆದು, ಸಂದು ಉಳಿದರೆ ಗೋಡೆಯನ್ನು ಬಯ್ಯುತ್ತಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕಂತೆ. ಇವನು ಪಟ್ಟಿಯನ್ನು ಗೋಡೆಗೆ ಆನಿಸಿ, ಗೋಡೆಯ ಗುಂಟ ಪೆನ್ಸಿಲ್ ಎಳೆದು, ಅದರ ಡೊಂಕನ್ನೆಲ್ಲ ಮರಕ್ಕೆ ಇಳಿಸಿಕೊಂಡು ಕೆತ್ತುತ್ತಿದ್ದ. ಒಳಗಿನ ಅಂಚು ಗೋಡೆಯಷ್ಟೇ ಡೊಂಕು, ಹೊರಗಿನದು ನೂಲು ಹಿಡಿದಷ್ಟು ನೇರ. ಹಲಗೆಯ ಹಿಂದೆ ಎರಡು ಬೆರಳಿನಷ್ಟು ಜಾಗ ಬಿಡುವುದು ಅವನ ಪದ್ಧತಿ. ಗೋಡೆಗೂ ಉಸಿರಾಡಬೇಕಲ್ಲ, ಅನ್ನುತ್ತಿದ್ದ.

ಪಟ್ಟಿಮಾವನ ಅಕ್ಕನ ಮನೆಯ ಒಂದು ಗೋಡೆಯನ್ನು ಕಟ್ಟಿದವನು ಅವಳ ಗಂಡ, ಭಾವ. ಆಫೀಸಿನಲ್ಲಿ ಗುಮಾಸ್ತನಾಗಿದ್ದವನು, ಮದುವೆಯಾದ ಹೊಸದರಲ್ಲಿ ರಜೆ ಹಾಕಿ, ಹುಮ್ಮಸ್ಸಿನಿಂದ ತಾನೇ ಗಾರೆ ಕಲಸಿ ಕಟ್ಟಿದ್ದ. ಅದು ಅಂದಿನಿಂದಲೂ ಡೊಂಕೇ. ಈಗ ಭಾವನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಮಂಚ ಆ ಗೋಡೆಯ ಪಕ್ಕದಲ್ಲೇ. ಗೋಡೆಯಲ್ಲಿ ಬಿರುಕು ಕಂಡಂದಿನಿಂದ ಅದನ್ನೇ ನೋಡುತ್ತ ಅವನು ಊಟ ಬಿಟ್ಟ. ಕಣ್ಣಿಗೆ ಬೀಳದ ಹಾಗೆ ಮಾಡು, ಅಷ್ಟು ಸಾಕು ಎಂದು ಅಕ್ಕ ತಮ್ಮನನ್ನು ಕೇಳಿಕೊಂಡಳು. ಪಟ್ಟಿಮಾವ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ. ಭಾವ ಸ್ವಾಧೀನದಲ್ಲಿದ್ದ ಕೈಯಿಂದ ಹಲಗೆ ಸವರಿ, ಅರ್ಧ ಬಾಯಲ್ಲಿ ನಕ್ಕು, ಗಂಜಿ ಕುಡಿದ.

ಸಡಿಲಾಗಿದ್ದ ಪಟ್ಟಿಯೊಂದನ್ನು ಬಿಗಿ ಮಾಡಲು ಮತ್ತೆ ಹೋದಾಗ ಪಟ್ಟಿಮಾವ ಹಲಗೆಯ ಹಿಂದೆ ಬೆರಳು ತೂರಿಸಿದ. ಹೋಗಲಿಲ್ಲ. ತಾನು ಬಿಟ್ಟ ಜಾಗವನ್ನು ಗೋಡೆ ನುಂಗಿತ್ತು. ಮುಂದುಗಡೆ ಹಲಗೆ ಮದುಮಗನ ಹಾಗೆ ನೆಟ್ಟಗೆ ನಿಂತಿತ್ತು. ಹಿಂದೆ ಗೋಡೆ ಮಂಚದ ಕಡೆಗೆ ಬರುತ್ತಿತ್ತು. ಮೇಸ್ತ್ರಿಯನ್ನು ವಿಚಾರಿಸಿದರೆ, ಮನೆ ಖಾಲಿ ಮಾಡಿ ಗೋಡೆ ಬಿಚ್ಚಿ ಕಟ್ಟಬೇಕು, ಬೇರೆ ದಾರಿಯಿಲ್ಲ ಎಂದ.

ಅಕ್ಕನನ್ನು ಅಡುಗೆಮನೆಗೆ ಕರೆದು, ಕೆಲವು ದಿನ ಇಬ್ಬರೂ ತನ್ನ ಮನೆಗೆ ಬಂದುಬಿಡಿ ಎಂದು ಬೇಡಿಕೊಂಡ. ಅಕ್ಕ ಬಾಗಿಲಿನಿಂದ ಹಲಗೆಗಳನ್ನೇ ನೋಡಿದಳು.

"ಇಷ್ಟು ನೆಟ್ಟಗಿರೋ ಗೋಡೆಗೆ ಏನಾಗತ್ತೋ?"

"ಅದು ಗೋಡೆ ಅಲ್ಲಕ್ಕ. ನನ್ನ ಹಲಗೆ."

"ಏನಾದ್ರೂ ಆಗಿರ್ಲಿ. ಅವರು ಊಟ ಮಾಡ್ತಿದಾರೆ ಕಣೋ."

ತೋರಿಸಿಯೇ ಬಿಡೋಣವೆಂದು ಒಂದು ಹಲಗೆ ಬಿಚ್ಚಿದ. ಬಿರುಕು ಅಂಗೈ ಹಿಡಿಸುವಷ್ಟು ಬಾಯಿ ಬಿಟ್ಟಿತ್ತು. ಅಕ್ಕ ನೋಡುವ ಮೊದಲೇ ಭಾವ ನೋಡಿದ. ಅವನ ಕಣ್ಣಿನಿಂದ ನೀರಿಳಿಯಿತು.

"ಮುಚ್ಚಪ್ಪಾ," ಎಂದ. ಎಷ್ಟೋ ದಿನದ ಮೇಲೆ ಅವನ ಬಾಯಿಂದ ಸ್ಪಷ್ಟವಾಗಿ ಹೊರಟ ಮಾತು ಅದು.

ಪಟ್ಟಿಮಾವ ಮುಚ್ಚಿದ. ಮಾಡಿದ್ದುಣ್ಣೋ ಮಹರಾಯ ಎಂದು ತನಗೆ ತಾನೇ ಬೈದುಕೊಂಡ. ಹೋಗಲಿ, ಮಂಚವನ್ನಾದರೂ ಸರಿಸೋಣವೆಂದು ಬಾಗಿಲ ಕಡೆಗೆ ಎಳೆದ. ಮರುದಿನ ಬಂದು ನೋಡಿದರೆ ಮಂಚ ಹಳೇ ಜಾಗದಲ್ಲೇ ಇತ್ತು. ಗೋಡೆ ಕೈಗೆ ಸಿಗದೆ ಭಾವ ತುತ್ತು ಮುಟ್ಟಲಿಲ್ಲವಂತೆ. ಅಕ್ಕ ಪಕ್ಕದ ಮನೆಯವರನ್ನು ಕರೆದು ಎಳೆಸಿದ್ದಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ಅವನಿಗೆ, ಉಗುಳಲೂ ಆಗದು, ನುಂಗಲೂ ಆಗದು.

ಈಗ ಅವನು ಕೆಲಸ ಮುಗಿಸಿ ದಿನಾ ಸಂಜೆ ಅಕ್ಕನ ಮನೆಗೆ ಬರುತ್ತಾನೆ. ಮಂಚಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಮಣೆ ಹಾಕಿಕೊಂಡು, ಹಲಗೆಗೆ ಬೆನ್ನು ಕೊಟ್ಟು ಕೂರುತ್ತಾನೆ. ಅಪರೂಪಕ್ಕೆ ಬರುತ್ತಿದ್ದ ತಮ್ಮ ದಿನಾ ಬರುವ ಹಾಗಾದನಲ್ಲ ಎಂದು ಅಕ್ಕನಿಗೆ ಖುಷಿಯೋ ಖುಷಿ. ಭಾವ ಅವನ ಭುಜದ ಮೇಲಿನಿಂದ ಕೈ ಚಾಚಿ ತನ್ನ ಗೋಡೆಯನ್ನು ಸವರುತ್ತಾನೆ. ಒಬ್ಬನ ಬೆನ್ನಿಗೆ ಗೋಡೆ ನಿಲ್ಲುವುದಿಲ್ಲ ಎಂದು ಪಟ್ಟಿಮಾವನಿಗೆ ಗೊತ್ತು. ಆದರೂ ಕತ್ತಲಾಯಿತು, ಹೊರಡು ಎಂದು ಅಕ್ಕ ಹೇಳಿದಾಗ ಏಳುವುದಕ್ಕೆ ಅವನಿಗೆ ಧೈರ್ಯ ಬರುವುದಿಲ್ಲ.